ತಣ್ಣಗಿದ್ದಾಗಿನ ಬೆರಳು

ಕೋಪ ಬಂದಾಗ ನನಗೆ ಓದು ಚೆನ್ನಾಗಿ ಬರುತ್ತದೆ. ಶಾಲೆಯಲ್ಲಿ ಇದು ಯಾರಿಗೂ ಹೊಳೆಯಲಿಲ್ಲ; ಅಲ್ಲಿ ಕೋಪವೆಲ್ಲ ಮೇಷ್ಟ್ರಿಗೆ ಬರುತ್ತಿತ್ತು, ನನಗೆ ಬರುತ್ತಿದ್ದದ್ದು ನಿದ್ದೆ. ಆದರೆ ಆ ಸಂಜೆ ಅಕ್ಕ ಊಟದ ಮೇಜಿನ ಮೇಲೆ ಬಿಟ್ಟಿದ್ದ ಇಂಗ್ಲಿಷ್ ಲೇಖನವನ್ನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸಿಕೊಂಡು, ಒಂದಕ್ಷರ ಬಿಡದೆ ಓದಿದೆ. ಅರ್ಥವಾಗಬೇಕಾಗಿದ್ದದ್ದು ಒಂದೇ ವಿಷಯ. ಅದು ಅರ್ಥವಾಯಿತು.

ಲೇಖಕರ ಸಾಲಿನಲ್ಲಿ ಅಕ್ಕನ ಹೆಸರಿರಲಿಲ್ಲ.

ಮೊದಲಿಗೆ ದೊಡ್ಡ ಡಾಕ್ಟ್ರು. ಅವರ ಬಾಲಕ್ಕೆ ಇಬ್ಬರು ಮರಿ ಡಾಕ್ಟ್ರುಗಳು. ಕೊನೆಗೆ ಲೆಕ್ಕ ಹಾಕಿಕೊಟ್ಟವರು ಯಾರೋ. ಪುಟ ಮಗುಚುತ್ತಾ ಹೋದೆ. ಕಟ್ಟಕಡೆಯ ಪುಟದಲ್ಲಿ, ಎಲ್ಲ ಮುಗಿದ ಮೇಲೆ, 'ಕೃತಜ್ಞತೆ' ಅಂತ ಒಂದು ಚೋಟುದ್ದದ ಪ್ಯಾರಾ. ಚಿತ್ರ ಬರೆದವರಿಗೆ, ಭಾಷೆ ತಿದ್ದಿದವರಿಗೆ, ಆಮೇಲೆ ನಮ್ಮಕ್ಕನಿಗೆ.

"ಅಮ್ಮಾ, ಇಲ್ನೋಡು!"

ಅಮ್ಮ ಪಕ್ಕದ ಮನೆಯವರ ಪ್ಯಾಂಟಿನ ತುದಿ ಮಡಚಿ ಹೊಲಿಯುತ್ತಿದ್ದಳು. ಮೆಷಿನ್ ನಿಲ್ಲಿಸಲಿಲ್ಲ. "ಏನೋ? ಹೆಸರಿದೆ ತಾನೆ?"

"ಇದೆ. ಮನೆ ಒಳಗಲ್ಲ, ಚಪ್ಪಲಿ ಬಿಡೋ ಜಾಗದಲ್ಲಿದೆ."

"ಇದೆಯಲ್ಲ ಸದ್ಯ."

ಈ ಮನೆಯಲ್ಲಿ 'ಸದ್ಯ' ಅನ್ನುವ ಪದವೊಂದಿಲ್ಲದಿದ್ದರೆ ನಾವು ಎಲ್ಲೋ ಇರುತ್ತಿದ್ದೆವು.

ಅಕ್ಕ ಆಸ್ಪತ್ರೆಯ ಕೈ ವಿಭಾಗದಲ್ಲಿ ಫಿಸಿಯೋ. ಅಂಗೈಯೊಳಗೆ ಬೆರಳನ್ನು ಮಡಿಸುವ ಹುರಿಗಳಿರುತ್ತವೆ. ಜನ ನರ ಅನ್ನುತ್ತಾರೆ. ಯಾರಾದರೂ ಹಾಗಂದರೆ ಅಕ್ಕ ಬಾಯಲ್ಲಿ ತುತ್ತಿದ್ದರೂ ತಿದ್ದುತ್ತಾಳೆ. ಆ ಹುರಿ ತುಂಡಾದರೆ ಡಾಕ್ಟ್ರು ಹೊಲಿಯುತ್ತಾರೆ. ಹೊಲಿದ ಮೇಲೆ ಕೈಯನ್ನು ಅಲ್ಲಾಡದಂತೆ ಕಟ್ಟಿಟ್ಟರೆ ಹೊಲಿಗೆ ಗಟ್ಟಿಯಾಗುತ್ತದೆ, ಆದರೆ ಹುರಿ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಬೆರಳು ಕಡ್ಡಿಯಾಗುತ್ತದೆ. ಬೇಗ ಆಡಿಸಿದರೆ ಬೆರಳು ಮೆತ್ತಗಿರುತ್ತದೆ, ಆದರೆ ಒಂಚೂರು ಹೆಚ್ಚಾದರೂ ಹೊಲಿಗೆ ಕಿತ್ತುಬರುತ್ತದೆ. ಆಪರೇಷನ್ ಆದ ಕೂಡಲೇ, ದಿನಕ್ಕಿಷ್ಟು ಅಂತ ಹದವಾಗಿ ಆಡಿಸುತ್ತಾ ಹೋದರೆ ಕೊನೆಗೆ ಎಷ್ಟು ಜನರ ಬೆರಳು ಎಷ್ಟು ಮಡಚುತ್ತದೆ? ಸಂಶೋಧನೆಯೆಂದರೆ ಇಷ್ಟೇ. ಹೊಲಿದವರು ದೊಡ್ಡ ಡಾಕ್ಟ್ರು. ಆಡಿಸಿದವಳು ಅಕ್ಕ.

ಮಾಂಸದಂಗಡಿಯವನ ಹೆಬ್ಬೆರಳು, ಡಬ್ಬಿಯ ಮುಚ್ಚಳ ತೆಗೆಯಲು ಹೋಗಿ ಕೈ ಕೊಯ್ದುಕೊಂಡ ಅಜ್ಜಿಯ ಕಿರುಬೆರಳು, ಬಾಗಿಲ ಗಾಜಿಗೆ ಗುದ್ದಿದ ಹೊಸ ಮದುಮಗನ ಮೂರು ಬೆರಳು (ಯಾಕೆ ಗುದ್ದಿದೆ ಅಂತ ಅವನೂ ಹೇಳಲಿಲ್ಲ, ಪಕ್ಕದಲ್ಲಿ ಕೂತ ಹೆಂಡತಿಯೂ ಹೇಳಲಿಲ್ಲ). ಎಲ್ಲವನ್ನೂ ಅಕ್ಕ ತನ್ನ ಎರಡು ಬೆರಳ ನಡುವೆ ಹಿಡಿದು, ನಿದ್ದೆಹೋದ ಮಗುವನ್ನು ಮಗ್ಗುಲು ತಿರುಗಿಸುವ ಹಾಗೆ ಮಡಿಸಿದವಳು. ಈ ಲೇಖನದಲ್ಲಿ ತನ್ನ ಹೆಸರು ಬರುತ್ತದೆ ಅಂತ ಗೊತ್ತಾದ ದಿನ ಅವಳ ಸಡಗರ ನೋಡಬೇಕಿತ್ತು. ಪೂರ್ತಿ ಹೆಸರು ಹಾಕಿಸಲಾ, ಚಿಕ್ಕದಾಗಿ ಹಾಕಿಸಲಾ ಅಂತ ನಮ್ಮಿಬ್ಬರ ತಲೆ ತಿಂದಿದ್ದಳು. "ಬೋರ್ಡ್ ಬರೆಸ್ತಿದೀಯಾ?" ಅಂತ ನಾನು ಕಿಚಾಯಿಸಿದ್ದಕ್ಕೆ ಸೌಟು ಎಸೆದಿದ್ದಳು.

ಆ ಬೆರಳುಗಳ ಸಾಲಿನಲ್ಲಿ ನನ್ನದೂ ಒಂದಿದೆ. ನಾನು ಗಾಜಿನಂಗಡಿಯಲ್ಲಿ ಕಿಟಕಿ, ಕನ್ನಡಿಗಳಿಗೆ ಗಾಜು ಕತ್ತರಿಸುವವನು. ಒಂದು ದಿನ ದೊಡ್ಡ ಹಾಳೆಯೊಂದು ಜಾರಿತು. ಜಾರಿದ ಗಾಜನ್ನು ಹಿಡಿಯಬಾರದು, ಬಿಡಬೇಕು ಅಂತ ಗೊತ್ತಿದ್ದೂ ಕೈ ತಾನಾಗಿ ಹೋಯಿತು. ಬಲಗೈಯ ಉಂಗುರದ ಬೆರಳಿನ ಹುರಿ ತುಂಡು. ದೊಡ್ಡ ಡಾಕ್ಟ್ರೇ ಹೊಲಿದರು. ಅಕ್ಕನೇ ಆಡಿಸಿದಳು. ಮೊದಮೊದಲು ಆಸ್ಪತ್ರೆಗೇ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಕಾಯುವ ಬೆಂಚಿನ ಮೇಲೆ ಕೂತಿದ್ದಾಗ, ಕನ್ನಡಕದ ಮರಿ ಡಾಕ್ಟ್ರು ಬಾಗಿಲಲ್ಲಿ ನಿಂತು "ಆ ಗಾಜಿನ ಕೇಸ್ ಬಂತಾ?" ಅಂತ ಕೂಗಿದರು. ಬಂತಾ! ನಾನೇನು ಪಾರ್ಸೆಲ್ಲಾ? ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವತ್ತಿನಿಂದ ನನ್ನ ಬೆರಳಿನ ಆಸ್ಪತ್ರೆ ನಮ್ಮ ಊಟದ ಮೇಜು. ಅಂಗಡಿಯಿಂದ ಬಂದ ಕೂಡಲೇ ಅಕ್ಕ ಬೋಗುಣಿಯಲ್ಲಿ ಬಿಸಿನೀರು ತಂದಿಡುತ್ತಾಳೆ. ಬೆರಳು ಅದರಲ್ಲಿ ಸಾಕಷ್ಟು ನೆಂದ ಮೇಲೆ ಆಡಿಸುತ್ತಾಳೆ. ಕೊನೆಗೆ ಅಳತೆಪಟ್ಟಿ ಇಟ್ಟು ಅಳೆಯುತ್ತಾಳೆ. ನೋವು ಅನ್ನುವುದೇ ತಿಳಿಯುವುದಿಲ್ಲ.

ಆ ಸಂಜೆಯೂ ಅಕ್ಕ ಬೋಗುಣಿ ಹಿಡಿದೇ ಬಂದಳು. ಮೇಜಿನ ಮೇಲೆ ಹರಡಿದ್ದ ಹಾಳೆಗಳನ್ನು ನೋಡಿದಳು, ನನ್ನ ಮುಖ ನೋಡಿದಳು.

"ಯಾರೋ ನಿನಗೆ ಇದನ್ನ ಓದು ಅಂದಿದ್ದು?"

"ಓದಬಾರದಾಗಿತ್ತಾ? ಹೆಸರು ಎಲ್ಲೇ ಅಕ್ಕ?"

"ಕೊನೇಲಿದೆ."

"ಕೊನೇಲಿ ಇರೋದು ಉಪಕಾರ ಸ್ಮರಣೆ. ಮೈ ಮುರಿದು ದುಡಿದೋಳು ನೀನು. ಆ ಕನ್ನಡಕದೋನು ಏನ್ ಕಿಸಿದ ಅಂತ ಮೇಲಿದಾನೆ?"

"ನಾನೇ ಬೇಡ ಅಂದೆ ಕಣೋ."

"ಹೌದೌದು, ಬೇಡ ಅಂದ್ಲಂತೆ. ನಿನ್ ಬಾಯಿಗೆ ಬೀಗ ಹಾಕಿದಾರೆ, ಕೀಲಿ ಅವರ ಜೇಬಲ್ಲಿದೆ."

"ಸಿಡಿಲಮರಿ, ಸಾಕು. ಕೈ ಕೊಡು, ನೀರು ಆರ್ತದೆ."

ಬೇರೆ ದಿನವಾಗಿದ್ದರೆ ಆ ಹೆಸರಿಗೆ ನಗುತ್ತಿದ್ದೆನೇನೋ. ಅವತ್ತು ಕೈ ಬೆನ್ನ ಹಿಂದೆ ಇಟ್ಟುಕೊಂಡೆ. ಅಕ್ಕ ತನ್ನ ಬೆರಳುಗಳನ್ನೇ ಆ ನೀರಿನಲ್ಲಿ ಅದ್ದಿದಳು. ಆಮೇಲೆ ಹಾಳೆಗಳನ್ನು ಜೋಡಿಸಿ, ಅಂಚು ಸರಿಮಾಡಿ, ಚೀಲದೊಳಗಿಟ್ಟಳು. "ನಾಳಿದ್ದು ಜರ್ನಲ್‌ಗೆ ಕಳಿಸ್ತಾರೆ. ಮುಗೀತು ಬಿಡು," ಅಂದಳು. ಅವಳ ದನಿಯಲ್ಲಿ ಕೋಪದ ಸುಳಿವೇ ಇರಲಿಲ್ಲ. ಮನೆಯವರ ಪಾಲಿನ ಕೋಪವೆಲ್ಲ ನನ್ನೊಬ್ಬನ ತಲೆಗೇ ಕಟ್ಟಿಬಿಟ್ಟಿದ್ದಾರೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗುವ ಬದಲು ನೇರ ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಎರಡನೇ ಮಹಡಿಯ ಕೊನೆಯಲ್ಲಿ ದೊಡ್ಡ ಡಾಕ್ಟ್ರ ಕೋಣೆ. ಬಾಗಿಲು ಬಡಿಯದೆ ಒಳಗೆ ನುಗ್ಗಿದೆ. ಅವರು ಬೇಸಿನ್ನಿನಲ್ಲಿ ಕೈ ತೊಳೆಯುತ್ತಿದ್ದರು. ಕೂದಲು ನೆರೆತ, ಸಣ್ಣ ದೇಹದ ಮನುಷ್ಯ. ಅಂಗಿಯ ಒಂದು ಗುಂಡಿ ತಪ್ಪಿ ಹಾಕಿಕೊಂಡಿದ್ದರು. ನನ್ನ ಬೈಗುಳದ ತುದಿ ಅಲ್ಲೇ ಸ್ವಲ್ಪ ಮೊಂಡಾಯಿತು.

"ಓ, ನಮ್ಮ ಫಿಸಿಯೋ ತಮ್ಮ! ಹೇಗಪ್ಪಾ ಇದೀಯಾ? ಬೆರಳು ಹೇಗಿದೆ?"

"ಬೆರಳಿನ ವಿಷಯ ಬಿಡಿ ಸರ್. ಅಕ್ಕನ ಹೆಸರು ಯಾಕೆ ಹೊಡೆದು ಹಾಕಿದ್ರಿ?"

"ಹೊಡೆದು ಹಾಕಿದ್ದು ನಾನಲ್ಲವಲ್ಲ."

"ನೀವಲ್ಲದೆ ಗಾಳಿ ಬಂದು ಅಳಿಸ್ತಾ?"

ಅವರಿಗೆ ನಗು ಬಂತು. ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಾ ಬಂದು ಕೂತರು, ನನಗೂ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ.

"ಎರಡನೇ ಹೆಸರು ಅವಳದೇ ಇತ್ತು ಕಣಯ್ಯಾ. ನನ್ನ ಕೆಳಗೆ, ಆ ಹುಡುಗರ ಮೇಲೆ. ಅವಳೇ ಬಂದು ಪೆನ್ನು ತಗೊಂಡು ಗೀಟು ಹಾಕಿದ್ಲು."

"ಯಾಕೆ?"

"ನಿನ್ನಿಂದ."

ಕೂತೆ. ಕೂರದೆ ವಿಧಿಯಿರಲಿಲ್ಲ.

"ನೋಡು," ಅಂದರು. "ಮೇಲಿನ ಸಾಲಲ್ಲಿ ಹೆಸರು ಹಾಕೋದು ಅಂದ್ರೆ ಹಾರ ಹಾಕಿಸ್ಕೊಳ್ಳೋದಲ್ಲ, ತಲೆ ಕೊಡೋದು. ಎಲ್ಲೋ ದೂರದಲ್ಲಿ ಇನ್ನೊಬ್ಬ ಡಾಕ್ಟ್ರು ಇದನ್ನ ಓದಿ, ತನ್ನ ರೋಗಿ ಕೈನ ಹೀಗೇ ಆಡಿಸ್ತಾನೆ. ಬರೆದದ್ದು ನಿಜಾನಾ ಅಂತ ಅವನು ಕೇಳಿದ್ರೆ, ಹೆಸರು ಹಾಕಿದ ಪ್ರತಿಯೊಬ್ಬರೂ ಹೌದು ಅನ್ನಬೇಕು. ಹಾಗಂತ ಸಹಿ ಮಾಡ್ತೀವಿ. ನಿನ್ನ ಬೆರಳಿನ ವಿಷಯದಲ್ಲಿ ಹೌದು ಅನ್ನೋಕಾಗಲ್ಲ ಅಂದ್ಲು ಅವಳು."

"ದಿನಾ ಅಳೀತಾಳಲ್ಲ ಸರ್!"

"ಯಾವಾಗ ಅಳೀತಾಳೆ?"

"ಬಿಸಿನೀರಲ್ಲಿಟ್ಟು, ಆಡಿಸಿ, ಆಮೇಲೆ."

ಹೇಳುತ್ತಿದ್ದ ಹಾಗೇ ನನಗೆ ನಿಧಾನಕ್ಕೆ ಹೊಳೆಯಿತು. ಗಾಜು ಕತ್ತರಿಸುವವನಿಗೆ ಇಷ್ಟು ಗೊತ್ತಿಲ್ಲದಿದ್ದರೆ ಹೇಗೆ? ಬಿಸಿಗೆ ಯಾವುದು ಹಿಗ್ಗುವುದಿಲ್ಲ, ಯಾವುದು ಸಡಿಲವಾಗುವುದಿಲ್ಲ?

"ನಿಯಮ ಏನು ಅಂದ್ರೆ, ತಣ್ಣಗಿರೋ ಕೈನ ಅಳೀಬೇಕು. ವ್ಯಾಯಾಮಕ್ಕೆ ಮೊದಲು. ಹೊಲಿದೋರಾಗಲಿ ಆಡಿಸಿದೋರಾಗಲಿ ಮುಟ್ಟಬಾರದು, ಮೂರನೆಯೋರು ಅಳೀಬೇಕು. ಉಳಿದೋರನ್ನೆಲ್ಲ ಹಾಗೇ ಅಳೆದಿದೀವಿ. ನೀನೊಬ್ಬ ಮನೇಲಿ ಕೂತೆ. ಮೊದಲು ಅಳೆದು ಆಮೇಲೆ ಬಿಸಿನೀರು ಕೊಟ್ಟಿದ್ರೂ ಆಗ್ತಿತ್ತೇನೋ. ತಣ್ಣಗಿದ್ದಾಗ ಮಡಿಸು ಅಂದ್ರೆ ನಿನಗೆ ನೋವಾಗ್ತಿತ್ತಂತೆ, ಹಲ್ಲು ಕಚ್ಚಿಕೊಳ್ತಿದ್ದೆಯಂತೆ. ಅದನ್ನ ನೋಡಕ್ಕಾಗಲಿಲ್ಲ ಸರ್ ಅಂದ್ಲು."

ಬಾಗಿಲ ಹೊರಗೆ ಯಾರೋ ಗಾಲಿಕುರ್ಚಿಯನ್ನು ದಡಬಡ ತಳ್ಳಿಕೊಂಡು ಹೋದರು. ನಾನು ಜೋಡಿಸಿ ತಂದ ಬೈಗುಳ ಒಂದೂ ನೆನಪಿಗೆ ಬರಲಿಲ್ಲ.

"ನಾನೇನಂದೆ ಗೊತ್ತಾ? ಅವನ ಬೆರಳು ಕೈಬಿಡೋಣ, ಸಂಪರ್ಕಕ್ಕೆ ಸಿಗಲಿಲ್ಲ ಅಂತ ಬರೆಯೋಣ, ಹಾಗೆ ಸಿಗದೇ ಹೋದೋರು ಇನ್ನೂ ಕೆಲವರಿದಾರೆ ಅಂದೆ. ಈಗ ಹಾಗೇ ಬರೆದೂ ಇದೀವಿ. ಅದಕ್ಕವಳು, 'ದಿನಾ ನನ್ನೆದುರಿಗೆ ಕೂತು ಊಟ ಮಾಡ್ತಾನೆ ಸರ್, ಸಿಗಲಿಲ್ಲ ಅಂತ ಹೇಗೆ ಸಹಿ ಹಾಕ್ಲಿ?' ಅಂದ್ಲು. ಒಂದು ಬೆರಳಿಂದ ಒಟ್ಟು ಲೆಕ್ಕ ಏನೂ ಬದಲಾಗಲ್ಲ ಕಣಮ್ಮಾ ಅಂತ ನಾನೂ ಹೇಳಿದೆ." ಡಾಕ್ಟ್ರು ತಪ್ಪಿ ಹಾಕಿದ್ದ ಗುಂಡಿಯನ್ನು ಈಗ ಕಂಡುಕೊಂಡು ಬಿಚ್ಚತೊಡಗಿದರು. "ಹೇಳಬಾರದಾಗಿತ್ತು ಅಂತ ಈಗ ಅನ್ನಿಸ್ತಿದೆ."

"ನನ್ನನ್ನ ಬಾ ಅಂತ ಕರೀಬಹುದಾಗಿತ್ತಲ್ಲ ಅವಳು?"

"ಕೇಳಿದೆ. ಅವನನ್ನ ಇನ್ನೊಂದು ಸಲ ಪರೀಕ್ಷೆಗೆ ಕೂರಿಸಲ್ಲ ಸರ್ ಅಂದ್ಲು. ಏನು ಹಾಗಂದ್ರೆ?"

ಹಾಗಂದರೆ ಏನು ಅಂತ ನಾನು ಅವರಿಗೆ ಹೇಳಲಿಲ್ಲ. ಕೆಂಪು ಗೀಟುಗಳ ಅಂಕಪಟ್ಟಿ ಹಿಡಿದು ಮನೆಗೆ ಬಂದ ದಿನ ನಾನು ಸ್ನಾನದ ಮನೆಯ ಚಿಲಕ ಹಾಕಿಕೊಂಡಿದ್ದೆ. ಕದದ ಆಚೆ ಕೂತು, ಶಾಲೆ ಬಿಡಿಸಿಬಿಡು ಅಂತ ಅಮ್ಮನ ಜೊತೆ ನನ್ನ ಪರವಾಗಿ ಜಗಳವಾಡಿದವಳು ಅಕ್ಕ. ತಾನು ಮಾತ್ರ ತರಗತಿಗೆ ಮೊದಲಿಗಳು. ಈ ಲೇಖನದಲ್ಲಿ ಬೆರಳುಗಳನ್ನು ಉತ್ತಮ, ಪರವಾಗಿಲ್ಲ, ಕಳಪೆ ಅಂತ ಮೂರು ಗುಂಪು ಮಾಡಿದ್ದಾರೆ. ಅದನ್ನೂ ನಾನು ಬೆರಳಿಟ್ಟು ಓದಿದ್ದೆ. ನನ್ನ ಬೆರಳು ಯಾವ ಗುಂಪಿಗೆ ಬಿದ್ದೀತೋ ಅನ್ನುವ ಅಳುಕು ಅವಳಿಗಿತ್ತು. ತಮ್ಮನ ಮೇಲೆ ಮತ್ತೊಮ್ಮೆ 'ಕಳಪೆ' ಅನ್ನುವ ಪದ ಬೀಳಬಾರದು ಅಂತ ತನ್ನ ಹೆಸರಿನ ಮೇಲೆಯೇ ಗೀಟು ಎಳೆದುಕೊಂಡಿದ್ದಳು.

ಇಂಥವರ ಮೇಲೆ ಕೋಪ ಮಾಡಿಕೊಳ್ಳುವುದಾದರೂ ಹೇಗೆ? ಆದರೂ ಬಂತು. ನನಗೆ ಗೊತ್ತಿರುವುದು ಅದೊಂದೇ ವಿದ್ಯೆ.

"ಈಗಲೇ ಅಳೀರಿ," ಅಂದೆ. "ನನ್ನ ಕೈ ತಣ್ಣಗಿದೆ."

"ಯೋಚ್ನೆ ಮಾಡು. ಬಂದ ಅಳತೆ ಬಂದ ಹಾಗೇ ಬರೀತೀವಿ."

"ಬರೀರಿ ಸರ್. ನೀವೇನು ನನ್ನ ಮಾವನಾ, ಹೆಚ್ಚಿಗೆ ಬರೆಯೋಕೆ?"

ಅಳತೆಯ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಕೈಯ ಮೂಳೆಗಳ ಚಿತ್ರ. ಮೂರನೆಯವರು ಅಂತ ಬಂದವರು ಯಾರು ಅಂದುಕೊಂಡಿರಿ? ಅದೇ ಕನ್ನಡಕದ ಮರಿ ಡಾಕ್ಟ್ರು. ಅವರು ನನ್ನ ಕೈ ಹೊಲಿದವರೂ ಅಲ್ಲ, ಆಡಿಸಿದವರೂ ಅಲ್ಲ; ನಿಯಮಕ್ಕೆ ಸರಿಯಾಗಿ ಒದಗಿಬಂದರು. ಗುರುತು ಹಿಡಿದರು.

"ಓ, ನೀವಾ? ಆ ಗಾಜಿನ..."

"ಕೇಸ್. ಬಂತು."

ಅವರ ಕಿವಿ ಕೆಂಪಾಯಿತು. "ಕ್ಷಮಿಸಿ. ಅವತ್ತು ಎದ್ದು ಹೋದಾಗಲೇ ಗೊತ್ತಾಯ್ತು. ಹುಡುಕ್ಕೊಂಡು ಗೇಟಿನ ತನಕ ಬಂದಿದ್ದೆ, ಸಿಗಲಿಲ್ಲ ನೀವು."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಒಬ್ಬ ಮನುಷ್ಯನನ್ನು ನೆಮ್ಮದಿಯಾಗಿ ದ್ವೇಷಿಸಲೂ ಬಿಡುವುದಿಲ್ಲ ಈ ಆಸ್ಪತ್ರೆಯವರು.

"ಮುಷ್ಟಿ ಕಟ್ಟಿ," ಅಂದರು. "ಪಕ್ಕದ ಬೆರಳಿಂದ ತಳ್ಳಬೇಡಿ. ಅದೊಂದೇ ತಾನಾಗಿ ಎಷ್ಟು ಬರ್ತದೋ ಅಷ್ಟು."

ಕಟ್ಟಿದೆ. ಮೂರು ಬೆರಳು ಅಂಗೈಗೆ ಹೋಗಿ ಕೂತವು. ಉಂಗುರದ ಬೆರಳು ಅರ್ಧಕ್ಕೇ ನಿಂತಿತು, ಕೊಕ್ಕೆಯ ಹಾಗೆ. ಮೇಜಿನ ಮೇಲೆ ದಿನಾ ಅಂಗೈಯ ಹತ್ತಿರದವರೆಗೂ ಹೋಗುತ್ತಿದ್ದ ಬೆರಳು ಇದೇನಾ? ತಳ್ಳಿದೆ, ಒಳಗಿನಿಂದ. ಇದು ಚೂರು ಹೆಚ್ಚು ಮಡಚಿದರೆ ಅಕ್ಕನ ಕೆಲಸಕ್ಕೆ ಹೆಚ್ಚು ಮರ್ಯಾದೆ ಅಂತ ಮನಸ್ಸು ಒಂದು ಕಡೆ. ಮಡಚಿದಷ್ಟೇ ಅಳೆದರೆ ಮಾತ್ರ ಅವಳು ಸಹಿ ಹಾಕಬಲ್ಲಳು ಅಂತ ಇನ್ನೊಂದು ಕಡೆ. ಪಕ್ಕದ ಕಿರುಬೆರಳು ಸಹಾಯಕ್ಕೆ ಬರಲು ತವಕಿಸುತ್ತಿತ್ತು. ಅದನ್ನು ಎಡಗೈಯಿಂದ ಹಿಡಿದು ಪಕ್ಕಕ್ಕೆಳೆದೆ. ಹಣೆಯಲ್ಲಿ ಬೆವರು. ಉಂಗುರದ ಬೆರಳು ತಾನು ನಿಂತ ಜಾಗ ಬಿಟ್ಟು ಕದಲಲಿಲ್ಲ.

ಮರಿ ಡಾಕ್ಟ್ರು ಕೀಲಿನ ಮೇಲೆ ಅಳತೆಪಟ್ಟಿ ಇಟ್ಟರು. ನೋಡಿದರು. ತೆಗೆದು ಮತ್ತೆ ಇಟ್ಟರು. ಪೆನ್ನು ಎತ್ತಿಕೊಂಡವರು ಬರೆಯದೆ ಕೂತರು.

"ಬರೀರಿ ಡಾಕ್ಟ್ರೇ. ನನಗೆ ಆ ಪದ ಹೊಸದಲ್ಲ."

"ನಿಮ್ಮನ್ನಲ್ಲ ಕಳಪೆ ಅಂತ ಬರೀತಿರೋದು," ಅಂದರು ತಗ್ಗಿದ ದನಿಯಲ್ಲಿ. "ನಾವು ಮಾಡಿದ ಕೆಲಸನ."

ಮೇಷ್ಟ್ರುಗಳಲ್ಲಿ ಒಬ್ಬರಾದರೂ ಹೀಗೆ ಅಂದಿದ್ದರೆ ಇಷ್ಟು ಹೊತ್ತಿಗೆ ನಾನು ಏನಾಗಿರುತ್ತಿದ್ದೆನೋ. ಮುಖ ಬೇರೆ ಕಡೆ ತಿರುಗಿಸಿದೆ. ತಿರುಗಿಸಿದ ಕಡೆ ಬಾಗಿಲಿತ್ತು; ಬಾಗಿಲಲ್ಲಿ ಅಕ್ಕ ನಿಂತಿದ್ದಳು. ದೊಡ್ಡ ಡಾಕ್ಟ್ರು ಹೇಳಿ ಕಳಿಸಿದ್ದರೇನೋ, ಓಡಿ ಬಂದ ಹಾಗೆ ಉಸಿರಾಡುತ್ತಿದ್ದಳು.

"ಯಾರೋ ನಿನ್ನ ಕರೆದಿದ್ದು ಇಲ್ಲಿಗೆ?"

"ಯಾರೂ ಕರೀಲಿಲ್ಲ. ಜಗಳ ಆಡೋಕೆ ಬಂದೆ."

"ಆಡಿದ್ಯಾ?"

"ಆಡ್ದೆ. ಸೋತೆ."

ಅವಳು ನನ್ನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಬಂದು ನನ್ನ ಕೈ ಹಿಡಿದಳು. ಯಾವತ್ತೂ ಹಿಡಿದಿರದ ಹಾಗೆ, ಬೇರೆ ಯಾರದೋ ಕೈಯೆಂಬಂತೆ ಹಿಡಿದಳು. ಅಂಗೈಯ ಗಾಯದ ಗುರುತಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ, "ಮಡಿಸು" ಅಂದಳು. ಮಡಿಸಿದೆ. "ಇನ್ನೊಂದ್ಸಲ." ಮಡಿಸಿದೆ. ಅವಳ ಮುಖದ ಬಣ್ಣ ಬದಲಾಯಿತು.

"ಅಂಟಿಕೊಂಡಿದೆ," ಅಂದಳು ಮರಿ ಡಾಕ್ಟ್ರಿಗೆ. "ಇಲ್ಲಿ, ನೋಡಿ. ಹುರಿ ಚರ್ಮನ ಎಳೀತಿದೆ." ಆಮೇಲೆ ನನ್ನ ಕಡೆ ತಿರುಗಿದಳು. ಹುಟ್ಟಿದಾಗಿನಿಂದ ನಾನು ನೋಡಿರದ ಕೋಪ. "ಬೆಳಿಗ್ಗೆ ಎದ್ದಾಗ ಹೀಗಿರತ್ತೆ ಅಂತ ಒಂದು ದಿನಾನಾದ್ರೂ ಬಾಯಿ ಬಿಟ್ಟಿದ್ಯೇನೋ? ಕತ್ತೆ! ಊರಿಗೆಲ್ಲ ಬೈಯೋಕೆ ಬಾಯಿದೆ, ಬೆರಳು ಬರ್ತಿಲ್ಲ ಅನ್ನೋಕೆ ಬಾಯಿಲ್ವಾ?"

"ನೀನು ಕೇಳ್ಲಿಲ್ಲ..."

ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡೆ. ಅಕ್ಕನ ಕೋಪ ಬಂದಷ್ಟೇ ಬೇಗ ಇಳಿದುಹೋಯಿತು. ಪಕ್ಕದ ಕುರ್ಚಿಯಲ್ಲಿ ಕುಸಿದಳು. ಕೈ ಮಾತ್ರ ಬಿಡಲಿಲ್ಲ.

"ಹೌದು. ಕೇಳ್ಲಿಲ್ಲ. ಬಿಸಿನೀರಿಂದ ತೆಗೆದ ಮೇಲಿನ ಬೆರಳನ್ನೇ ನೋಡ್ತಾ ಕೂತೆ. ಎಷ್ಟು ಚೆನ್ನಾಗಿ ಮಡಚ್ತಿತ್ತು ಗೊತ್ತಾ? ತಣ್ಣಗಿದ್ದಾಗ ಸ್ವಲ್ಪ ಕಮ್ಮಿ ಇರಬಹುದು ಅಂದುಕೊಂಡಿದ್ದೆ. ಇಷ್ಟು ಅಂದುಕೊಂಡಿರಲಿಲ್ಲ. ಬೇರೆ ಯಾರ ಬೆರಳಾಗಿದ್ರೂ ಕಂಡುಹಿಡೀತಿದ್ದೆ ಕಣೋ."

"ಬೇರೆಯೋರಿಗೆ ಮನೇಲಿ ನೀರು ಕಾಯಿಸ್ತಿದ್ಯಾ?"

ಅವಳು ನಕ್ಕಳು. ನಗುವಿಗೆ ಕಣ್ಣೀರೂ ಜೊತೆಗೂಡಿತು. ಮರಿ ಡಾಕ್ಟ್ರು ತಟ್ಟನೆ ಗೋಡೆಯ ಮೇಲಿನ ಮೂಳೆಗಳ ಚಿತ್ರವನ್ನು ತೀರಾ ಗಮನವಿಟ್ಟು ನೋಡತೊಡಗಿದರು.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಡಾಕ್ಟ್ರ ಕೋಣೆಯಲ್ಲಿ ಲೇಖನದ ಎರಡು ಸಾಲು ಬದಲಾದವು. ಸಿಗದೇ ಹೋದವರ ಗುಂಪಿನಲ್ಲಿ ಒಬ್ಬ ಕಡಿಮೆಯಾದ, ಕಳಪೆ ಗುಂಪಿನಲ್ಲಿ ಒಬ್ಬ ಹೆಚ್ಚಾದ. ಸಿಗದೇ ಉಳಿದ ಆ ಕೆಲವರನ್ನು ಮನೆಗೇ ಹೋಗಿ ನೋಡಿ ಬರಬೇಕು, ಅಲ್ಲಿಯತನಕ ಕಳಿಸುವುದು ಬೇಡ ಅಂತ ಅಕ್ಕ ಹಟ ಹಿಡಿದಳು. ಡಾಕ್ಟ್ರು ತಲೆ ಕೆರೆದುಕೊಂಡು, "ನಿಮ್ಮ ಮನೆಯೋರೆಲ್ಲ ಹೀಗೇನಾ?" ಅಂತ ನನ್ನನ್ನು ಕೇಳಿದರು. ಕೊನೆಗೆ ಒಪ್ಪಿದರು. ಅಕ್ಕನ ಹೆಸರು ಎರಡನೇ ಜಾಗಕ್ಕೆ ಬಂತು. ಸಹಿ ಹಾಕುವಾಗ ಅವಳು ಪೆನ್ನನ್ನು ಯಾರದೋ ಹೊಲಿದ ಬೆರಳಿನ ಹಾಗೆ ಮೆಲ್ಲಗೆ ಹಿಡಿದಿದ್ದಳು. ಪೂರ್ತಿ ಹೆಸರನ್ನೇ ಬರೆದಳು.

ಡಾಕ್ಟ್ರು ನನ್ನ ಕೈಯನ್ನೂ ನೋಡಿದರು. ಮತ್ತೊಮ್ಮೆ ಸಣ್ಣದಾಗಿ ಕೊಯ್ದು ಅಂಟು ಬಿಡಿಸಬಹುದು, ಪೂರ್ತಿ ಸರಿಹೋಗುತ್ತದೆ ಅಂತ ಮಾತು ಕೊಡುವುದಿಲ್ಲ, ಮನೆಯಲ್ಲಿ ಕೂತು ಯೋಚಿಸಿ ಅಂದರು.

ಅಕ್ಕನೂ ನಾನೂ ಮೆಟ್ಟಿಲಿಳಿದು ಬಂದೆವು. ನಾನು ಅಂಗಡಿಗೆ, ಅವಳು ವಾರ್ಡಿಗೆ ಹೋಗುವ ತಿರುವಿನಲ್ಲಿ ಅವಳು ನಿಂತಳು.

"ಇನ್ನೊಂದ್ಸಲ ಕೊಯ್ಯೋಕೆ ಒಪ್ಕೋತೀಯಾ?"

"ಅಳೆಯೋದು ಯಾರು?"

"ನಾನಂತೂ ಅಲ್ಲಪ್ಪಾ."

"ಆಡಿಸೋದು?"

"ಅದನ್ನ ಇನ್ಯಾರಿಗೆ ಬಿಡ್ಲಿ?" ಅಂದಳು ಅಕ್ಕ.